ಮೆಷಿನ್‌ಗೆ ಹಾಕುವ ಮೊದಲೇ ಒಮ್ಮೆ ಬನ್ನಿ

ಸಂಶೋಧನೆ ಮಾಡುವವರ ಡೇಟಾ ವಿಶ್ಲೇಷಿಸಿ ಕೊಡುವುದೇ ನನ್ನ ಕೆಲಸ. ಈ ಸಲ ಬಂದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.

ಪ್ರಶ್ನೆ: ಮೇಡಂ, ನಾನು ಪಿಎಚ್.ಡಿ. ವಿದ್ಯಾರ್ಥಿ. ಒಂದು ಕಾಯಿಲೆ ಇರುವ 40 ಜನ, ಇಲ್ಲದ 40 ಜನರ ರಕ್ತದ ಸ್ಯಾಂಪಲ್ ತೆಗೆದು, ಅದರಲ್ಲಿನ ಅಣುಗಳನ್ನು ತೂಕದ ಮೇಲೆ ಗುರುತಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಓಡಿಸಿದೆವು. ರೋಗಿಗಳದ್ದು ಮಾರ್ಚ್‌ನಲ್ಲಿ ಆಯಿತು, ಉಳಿದವರದ್ದು ಜುಲೈನಲ್ಲಿ. ಗ್ರಾಫಿನಲ್ಲಿ ಎರಡು ಗುಂಪೂ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಆದರೂ ವಿಶ್ಲೇಷಣೆ ಮಾಡುವವರು “ಇದರಿಂದ ಏನೂ ಹೇಳೋಕೆ ಆಗಲ್ಲ” ಅನ್ನುತ್ತಾರೆ. ಇಷ್ಟು ಚೆನ್ನಾಗಿ ಬಂದ ರಿಸಲ್ಟ್ ಯಾಕೆ ಬೇಡ?

ಉತ್ತರ: ಅಷ್ಟು ಚೆನ್ನಾಗಿ ಬಂದಿದೆಯಲ್ಲ, ಅದಕ್ಕೇ ಅವರಿಗೆ ಅನುಮಾನ. ನಿಮ್ಮ ಗ್ರಾಫ್ ತೋರಿಸುತ್ತಿರುವುದು ಕಾಯಿಲೆಯನ್ನೋ, ಮಾರ್ಚ್‌ಗೂ ಜುಲೈಗೂ ಇರುವ ಅಂತರವನ್ನೋ? ಹೇಳುವುದಕ್ಕೆ ದಾರಿಯೇ ಇಲ್ಲ.

ಈ ಮೆಷಿನ್ ಬೆಳಿಗ್ಗೆ ಇದ್ದ ಹಾಗೆ ಸಂಜೆ ಇರುವುದಿಲ್ಲ. ಸ್ಯಾಂಪಲ್ ಒಳಗೆ ಹೋಗುವ ಬಾಯಲ್ಲಿ ಕೊಳೆ ಕೂರುತ್ತಾ ಹೋಗುತ್ತದೆ, ಸಿಗ್ನಲ್ ಇಳಿಯುತ್ತಾ ಬರುತ್ತದೆ. ಬಿಚ್ಚಿ ಕ್ಲೀನ್ ಮಾಡಿದರೆ ಥಟ್ಟನೆ ಏರುತ್ತದೆ. ಮಧ್ಯೆ ಯಾರೋ ಕಾಲಮ್ (ಸ್ಯಾಂಪಲ್‌ನಲ್ಲಿರುವುದನ್ನು ಬೇರೆ ಬೇರೆ ಮಾಡುವ ಕೊಳವೆ) ಬದಲಿಸಿರುತ್ತಾರೆ, ಇನ್ಯಾರೋ ದ್ರಾವಕದ ಹೊಸ ಬಾಟಲಿ ತೆರೆದಿರುತ್ತಾರೆ. ನಾಲ್ಕು ತಿಂಗಳಲ್ಲಿ ಇದೆಲ್ಲ ಎಷ್ಟು ಸಲ ಆಗಿರುತ್ತದೋ! ಇದಕ್ಕೆ ನಾವು ಬ್ಯಾಚ್ ಎಫೆಕ್ಟ್ ಅನ್ನುತ್ತೇವೆ. ರೋಗಿಗಳೂ ಆರೋಗ್ಯವಂತರೂ ಎರಡೂ ಬ್ಯಾಚಿನಲ್ಲಿ ಬೆರೆತಿದ್ದರೆ ಲೆಕ್ಕ ಹಾಕಿ ಇದನ್ನು ಕಳೆಯಬಹುದಿತ್ತು. ನಿಮ್ಮಲ್ಲಿ ಮೊದಲ ಬ್ಯಾಚ್ ಪೂರ್ತಿ ರೋಗಿಗಳು, ಎರಡನೆಯದು ಪೂರ್ತಿ ಆರೋಗ್ಯವಂತರು. ಬ್ಯಾಚಿನ ವ್ಯತ್ಯಾಸ ಕಳೆಯೋಕೆ ಹೋದರೆ ಕಾಯಿಲೆಯ ವ್ಯತ್ಯಾಸವೂ ಅದರ ಜೊತೆಗೇ ಹೋಗುತ್ತದೆ. ಎಂಥ ಸಾಫ್ಟ್‌ವೇರ್ ತಂದರೂ ಅಷ್ಟೇ.

ಮಿಕ್ಕ ಸ್ಯಾಂಪಲ್ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಇದೆಯಾ ನೋಡಿ. ಇದ್ದರೆ ಎರಡೂ ಗುಂಪಿನ 80 ಟ್ಯೂಬನ್ನೂ ಒಟ್ಟಿಗಿಟ್ಟು, ಯಾವುದರ ನಂತರ ಯಾವುದು ಅನ್ನುವುದನ್ನು ಕಂಪ್ಯೂಟರ್‌ನಿಂದ ಚೀಟಿ ಎತ್ತಿಸಿ, ಇನ್ನೊಮ್ಮೆ ಓಡಿಸಿ. ಎಲ್ಲ ಸ್ಯಾಂಪಲ್‌ನಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಕಲಸಿ ಒಂದು ಕ್ಯೂಸಿ (ಕ್ವಾಲಿಟಿ ಕಂಟ್ರೋಲ್, ಅಂದರೆ ಮೆಷಿನ್ ಸರಿಯಿದೆಯಾ ಅಂತ ನೋಡುವ ಸ್ಯಾಂಪಲ್) ಮಾಡಿಕೊಳ್ಳಿ. ಪ್ರತಿ ಹತ್ತು ಸ್ಯಾಂಪಲ್‌ಗೆ ಒಮ್ಮೆ ಅದನ್ನೂ ಹಾಕಿ. ಕ್ಯೂಸಿ ಪ್ರತಿ ಸಲವೂ ಅದೇ ವಸ್ತು. ಅದರ ರೀಡಿಂಗ್ ಅಲ್ಲಾಡಿದರೆ ಅಲ್ಲಾಡಿದ್ದು ಮೆಷಿನ್.

ಇನ್ನೊಂದು ಮಾತು. ರಕ್ತ ತೆಗೆದ ಟ್ಯೂಬ್ ಎರಡೂ ಗುಂಪಿಗೆ ಒಂದೇ ಥರದ್ದಾಗಿತ್ತಾ? ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿ ಹಾಕಿರುವ ವಸ್ತು ಒಂದೊಂದರಲ್ಲಿ ಒಂದೊಂದು. ರೋಗಿಗಳಿಗೆ ಇಡಿಟಿಎ ಟ್ಯೂಬ್, ಉಳಿದವರಿಗೆ ಹೆಪಾರಿನ್ ಟ್ಯೂಬ್ ಬಳಸಿದ್ದರೆ ಮತ್ತೆ ಓಡಿಸಿದರೂ ಅದೇ ಕತೆ. ಮೊದಲು ಇದನ್ನು ವಿಚಾರಿಸಿಕೊಂಡು ಆಮೇಲೆ ಮೆಷಿನ್ ಬುಕ್ ಮಾಡಿ.

ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1938ರಲ್ಲೇ ಹೇಳಿದ್ದರು: ಪ್ರಯೋಗ ಮುಗಿಸಿಕೊಂಡು ನಮ್ಮ ಹತ್ತಿರ ಬಂದರೆ ಅದು ಬರೀ ಪೋಸ್ಟ್‌ಮಾರ್ಟಂ, ಪ್ರಯೋಗ ಯಾವುದರಿಂದ ಸತ್ತಿತು ಅಂತ ಹೇಳಬಹುದೇನೋ ಅಷ್ಟೇ. ಇವತ್ತಿಗೂ ನಮ್ಮ ಹತ್ತಿರ ಜಾಸ್ತಿ ಬರುವುದು ಹೆಣಗಳೇ. ಬಹಳ ಕಡೆ ಮೊದಲ ಮಾತುಕತೆಗೆ ಶುಲ್ಕವೂ ಇರುವುದಿಲ್ಲ, ಆದರೂ ಬರುವವರು ಕಡಿಮೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರೇ ಎಲ್ಲ.

ಪ್ರಶ್ನೆ: ನಾವು ಕಳಿಸಿದ ಎಕ್ಸೆಲ್ ಶೀಟನ್ನು ಡೇಟಾ ವಿಭಾಗದವರು ವಾಪಸ್ ಕಳಿಸಿದ್ದಾರೆ. ಜೀನ್ ಹೆಸರು ಇರಬೇಕಾದ ಕಡೆ ದಿನಾಂಕ ಇದೆಯಂತೆ, ನಾವು ಹಚ್ಚಿದ ಬಣ್ಣ ಅರ್ಥವಾಗಲಿಲ್ಲವಂತೆ. ಇಷ್ಟಕ್ಕೆಲ್ಲ ವಾಪಸ್ ಕಳಿಸಬೇಕಾ?

ಉತ್ತರ: ಕಳಿಸಬೇಕು. ನಾನಾದರೂ ಕಳಿಸುತ್ತಿದ್ದೆ. ‘ಮಾರ್ಚ್1’ (MARCH1), ‘ಸೆಪ್ಟ್2’ (SEPT2) ಅಂತ ಜೀನ್‌ಗಳಿದ್ದವು. ಎಕ್ಸೆಲ್ ಅವನ್ನು ಮಾರ್ಚ್ 1, ಸೆಪ್ಟೆಂಬರ್ 2 ಅಂತ ಓದಿಕೊಂಡು ಕೇಳದೇ ಬದಲಿಸಿಬಿಡುತ್ತದೆ. ಸೇವ್ ಮಾಡಿದರೆ ಮುಗಿಯಿತು, ಹಳೇ ಹೆಸರು ಸಿಗುವುದಿಲ್ಲ. ‘ಮಾರ್ಕ್1’ (MARC1) ಅಂತ ಬೇರೆಯೇ ಒಂದು ಜೀನ್ ಇತ್ತು, ಅದೂ ಮಾರ್ಚ್ 1 ಆಗಿಬಿಡುತ್ತದೆ. ನಿಮ್ಮ ಶೀಟಿನಲ್ಲಿರುವ ಮಾರ್ಚ್ 1 ಇವೆರಡರಲ್ಲಿ ಯಾವುದು? ಊಹೆ ಮಾಡೋದು ನಮ್ಮ ಕೆಲಸ ಅಲ್ಲ.

ಇದು ನಿಮ್ಮೊಬ್ಬರ ಸಮಸ್ಯೆಯೂ ಅಲ್ಲ. 2004ರಲ್ಲೇ ಇದರ ಬಗ್ಗೆ ಎಚ್ಚರಿಸಿ ಬರೆದಿದ್ದರು. 2016ರಲ್ಲಿ ಕೆಲವರು ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ಪೇಪರ್‌ಗಳನ್ನು ತೆಗೆದು ನೋಡಿದರೆ ಸುಮಾರು ಐದರಲ್ಲಿ ಒಂದರಲ್ಲಿ ಇದೇ ತಪ್ಪು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ‘ಮಾರ್ಚ್‌ಎಫ್1’, ‘ಸೆಪ್ಟಿನ್2’ ಅಂತ ಹೆಸರು ಬದಲಿಸಿತು. ತಂತ್ರಾಂಶಕ್ಕೆ ಹೆದರಿ ಜೀವವಿಜ್ಞಾನ ಹೆಸರು ಬದಲಿಸಿಕೊಂಡಿದ್ದು ನನಗಂತೂ ಇವತ್ತಿಗೂ ನಗು ತರಿಸುತ್ತದೆ. ಈ ಆಟೋಮ್ಯಾಟಿಕ್ ಬದಲಾವಣೆ ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಕೊಟ್ಟಿದ್ದು 2023ರಲ್ಲಿ. ನೀವು ಮೆಷಿನ್ ಕೊಟ್ಟ ಮೂಲ ಫೈಲಿಗೆ ಹೋಗಿ, ಆ ಕಾಲಮ್ಮನ್ನು ‘ಟೆಕ್ಸ್ಟ್’ ಅಂತ ಗುರುತಿಸಿ ಮತ್ತೆ ತೆರೆಯಿರಿ.

ಬಣ್ಣದ ವಿಷಯ. ಹಳದಿ ಅಂದರೆ ಅನುಮಾನ, ಕೆಂಪು ಅಂದರೆ ಮತ್ತೆ ಅಳೆದದ್ದು, ತಿಳಿಹಸಿರು ಅಂದರೆ ಗೈಡ್ ನೋಡಿ ಒಪ್ಪಿದ್ದು: ಇದೆಲ್ಲ ನಿಮ್ಮ ತಲೆಯಲ್ಲಿರುತ್ತದೆ. ನಾವು ಓದಿಸುವುದು ಸಿಎಸ್‌ವಿ ಫೈಲ್, ಅಂದರೆ ಅಲ್ಪವಿರಾಮ ಹಾಕಿ ಸಾಲು ಸಾಲಾಗಿ ಬರೆದ ಸಾದಾ ಫೈಲ್. ಅದರಲ್ಲಿ ಬಣ್ಣ ಉಳಿಯುವುದೇ ಇಲ್ಲ, ಬರೀ ಅಂಕಿ, ಅಕ್ಷರ ಉಳಿಯುತ್ತವೆ. ಪಕ್ಕದಲ್ಲಿ ‘ಷರಾ’ ಅಂತ ಒಂದು ಕಾಲಮ್ ಹಾಕಿ ಅಕ್ಷರದಲ್ಲೇ ಬರೆಯಿರಿ. ಎರಡು ಸೆಲ್ ಸೇರಿಸಿ ಒಂದು ಮಾಡಬೇಡಿ. ಫೈಲಿನ ಹೆಸರು ‘ಫೈನಲ್_ಫೈನಲ್2_ಹೊಸದು’ ಅಂತ ಇಟ್ಟರೆ ನಾನು ತೆರೆಯುವ ಮೊದಲೇ ಫೋನ್ ಮಾಡುತ್ತೇನೆ.

ಪ್ರಶ್ನೆ: ಮೂರು ಇಲಿಗಳಿಂದ ತಲಾ ಹತ್ತು ರೀಡಿಂಗ್ ತೆಗೆದಿದ್ದೇನೆ. ಒಟ್ಟು 30 ಅಂತ ಬರೆಯಬಹುದಲ್ವಾ?

ಉತ್ತರ: ಇಲ್ಲ. ಇಲಿ ಮೂರೇ.

ಪ್ರಶ್ನೆ: ನೀರಿನ ಸ್ಯಾಂಪಲ್‌ಗಳಲ್ಲಿ ಸೀಸ ಎಷ್ಟಿದೆ ಅಂತ ಲ್ಯಾಬಿಗೆ ಕೊಟ್ಟಿದ್ದೆ. ಕೆಲವಕ್ಕೆ ‘ಪತ್ತೆಯಾಗಿಲ್ಲ’ ಅಂತ ಬಂದಿದೆ. ಸರಾಸರಿ ತೆಗೆಯುವಾಗ ಅಲ್ಲಿ 0 ಹಾಕಿದರೆ ಸಾಕಾ?

ಉತ್ತರ: ಸಾಲದು. ಪತ್ತೆಯಾಗಿಲ್ಲ ಅಂದರೆ ಸೀಸ ಇಲ್ಲ ಅಂತಲ್ಲ, ಆ ಉಪಕರಣಕ್ಕೆ ಕಾಣುವಷ್ಟು ಇಲ್ಲ ಅಂತ. ಕಾಣುವ ಆ ಕನಿಷ್ಠ ಮಟ್ಟ ಎಷ್ಟು ಅಂತ ಲ್ಯಾಬಿನವರನ್ನು ಕೇಳಿ, ಸಾಮಾನ್ಯವಾಗಿ ವರದಿಯಲ್ಲೇ ಇರುತ್ತದೆ. 0 ಹಾಕಿದರೆ ಸರಾಸರಿ ಸುಮ್ನೆ ಕೆಳಗೆ ಇಳಿಯುತ್ತದೆ, ಆ ಸಾಲುಗಳನ್ನೇ ತೆಗೆದರೆ ಮೇಲೆ ಏರುತ್ತದೆ. ‘ಇಷ್ಟಕ್ಕಿಂತ ಕಡಿಮೆ’ ಅಂತಲೇ ಇಟ್ಟುಕೊಂಡು ಲೆಕ್ಕ ಹಾಕುವ ವಿಧಾನಗಳಿವೆ. ಶೀಟಿನಲ್ಲಿ ಇದ್ದ ಹಾಗೇ ಬಿಟ್ಟು ಕಳಿಸಿ, ಉಳಿದದ್ದು ವಿಶ್ಲೇಷಕರು ನೋಡಿಕೊಳ್ಳಲಿ.

ಪ್ರಶ್ನೆ: ನಮ್ಮ ಗೈಡ್ “ಪಿ-ವ್ಯಾಲ್ಯೂ 0.05ಕ್ಕಿಂತ ಕೆಳಗೆ ಬರುವ ಹಾಗೆ ಮಾಡಿಕೊಡೋಕೆ ಹೇಳು” ಅಂದರು. ಅವರಿಗೆ ಇಲ್ಲ ಅನ್ನಲಾರೆ, ನಿಮ್ಮಂಥವರಿಗೆ ಹೇಳೋಕೂ ಮುಜುಗರ. ಏನು ಮಾಡಲಿ?

ಉತ್ತರ: ಆ ಮುಜುಗರ ನಮಗೆ ಬಿಡಿ. ಇಲ್ಲ ಅನ್ನುವ ಕೆಲಸ ನಾವೇ ಮಾಡುತ್ತೇವೆ, ಗೈಡ್ ಹತ್ತಿರ ನಿಮ್ಮ ಹೆಸರು ಎತ್ತದೇ. ಪಿ-ವ್ಯಾಲ್ಯೂ ಅಂದರೆ, ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟೋ ಇದಕ್ಕಿಂತ ಹೆಚ್ಚೋ ವ್ಯತ್ಯಾಸ ಕಾಣುವ ಸಾಧ್ಯತೆ. ನಾನಾದರೆ ಅವರ ಮುಂದೆ ಒಂದು ಲೆಕ್ಕ ಇಡುತ್ತೇನೆ. ಏನೂ ವ್ಯತ್ಯಾಸವೇ ಇಲ್ಲದ 20 ವಿಷಯಗಳನ್ನು ಒಂದೊಂದಾಗಿ ಪರೀಕ್ಷಿಸಿದಿರಿ ಅಂದುಕೊಳ್ಳಿ. ಒಂದರ ಫಲಿತಾಂಶಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದರೆ, ಒಂದಾದರೂ 0.05ಕ್ಕಿಂತ ಕೆಳಗೆ ಬೀಳುವ ಸಾಧ್ಯತೆ ಸುಮಾರು ಶೇ. 64. ಹುಡುಕುತ್ತಾ ಹೋದರೆ ಸಿಕ್ಕೇ ಸಿಗುತ್ತದೆ! ಹಾಗೆ ಸಿಕ್ಕಿದ್ದನ್ನು ಒಂದೇ ಸಲಕ್ಕೆ ಸಿಕ್ಕಿದ್ದು ಅಂತ ಬರೆದರೆ ಅದು ಸುಳ್ಳು. ಎಷ್ಟು ಪರೀಕ್ಷೆ ಮಾಡಿದೆವು ಅಂತ ಪೂರ್ತಿ ಹೇಳಿ, ಅದಕ್ಕೆ ತಕ್ಕ ತಿದ್ದುಪಡಿ ಹಾಕಬೇಕು. ಸಂಖ್ಯಾಶಾಸ್ತ್ರಜ್ಞರಾದ ಬೆಂಜಮಿನಿ, ಹೊಕ್‌ಬರ್ಗ್ 1995ರಲ್ಲಿ ಕೊಟ್ಟ ವಿಧಾನ ಈಗ ಎಲ್ಲ ಕಡೆ ನಡೆಯುತ್ತದೆ. ಅದು ಹಾಕಿದ ಮೇಲೂ ಏನಾದರೂ ಉಳಿದರೆ ಗೈಡ್‌ಗೂ ಸಂತೋಷ, ರಿವ್ಯೂವರ್ ಕೈಯಲ್ಲಿ ಬೈಸಿಕೊಳ್ಳುವುದೂ ತಪ್ಪುತ್ತದೆ.

ಪ್ರಶ್ನೆ: ವಿಶ್ಲೇಷಣೆಗೆ ಶುಲ್ಕ ಕಟ್ಟಿದ್ದೇವೆ. ಆದರೂ ಪೇಪರ್‌ನಲ್ಲಿ ವಿಶ್ಲೇಷಕರ ಹೆಸರು ಹಾಕಬೇಕಾ?

ಉತ್ತರ: ಶುಲ್ಕಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮಗೂ ಸಂಬಳವೋ ಫೆಲೋಶಿಪ್ಪೋ ಬರುತ್ತದೆ, ಆದರೂ ಹೆಸರು ಹಾಕಿಕೊಳ್ಳುತ್ತೀರಿ ಅಲ್ವಾ? ಸ್ಯಾಂಪಲ್ ಓಡಿಸಿ ಅಂಕಿ ಮಾತ್ರ ಕೊಟ್ಟಿದ್ದರೆ ಕೃತಜ್ಞತೆಯಲ್ಲಿ ನೆನೆದರೆ ಸಾಕು. ಪ್ರಯೋಗ ರೂಪಿಸುವಾಗಲೇ ಜೊತೆಗಿದ್ದು, ವಿಶ್ಲೇಷಣೆಯ ಭಾಗ ಬರೆದು, ಅಂತಿಮ ಪ್ರತಿ ಓದಿ ಒಪ್ಪಿ, ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡುವ ಹೊಣೆ ಹೊತ್ತವರು ಲೇಖಕರೇ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಿಗೆ ಇಟ್ಟಿರುವ ನಾಲ್ಕು ಷರತ್ತೂ ಹೆಚ್ಚುಕಡಿಮೆ ಇವೇ. ಇದನ್ನು ಕೆಲಸ ಶುರುವಾಗುವ ಮೊದಲೇ ಒಂದು ಇಮೇಲ್‌ನಲ್ಲಿ ಬರೆದುಕೊಳ್ಳಿ. ಕೆಲಸ ಮುಗಿದ ಮೇಲೆ ರಾ ಫೈಲ್‌ಗಳನ್ನು (ಮೆಷಿನ್ ಕೊಟ್ಟ ಮೂಲ ಫೈಲ್‌ಗಳನ್ನು) ಎಷ್ಟು ದಿನ ಇಟ್ಟುಕೊಂಡಿರುತ್ತಾರೆ ಅಂತಲೂ ಅದೇ ಇಮೇಲ್‌ನಲ್ಲಿ ಕೇಳಿ. ಪೇಪರ್ ಒಪ್ಪಿಗೆಯಾಗುವ ಹೊತ್ತಿಗೆ ಜರ್ನಲ್‌ನವರು ಆ ಫೈಲ್ ಕೇಳುತ್ತಾರೆ, ಅಷ್ಟರಲ್ಲಿ ನಮ್ಮ ಸರ್ವರ್‌ನಿಂದ ಅಳಿಸಿ ಹೋಗಿರಬಹುದು. ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.