ಅಮೆರಿಕದವರ ಹಾಗೆ ಕುದುರೆ ಕಟ್ಟಿ ನಮ್ಮ ಎರೆ ಹೊಲದಲ್ಲಿ ಬೇಸಾಯ ಮಾಡಬಹುದಾ?

ನೀವು ನೋಡಿದ ವಿಡಿಯೋಗಳನ್ನೇ ನಾನೂ ನೋಡಿದ್ದೆ. ಪೆನ್ಸಿಲ್ವೇನಿಯಾ, ಒಹಾಯೋ ಕಡೆಯ ಆಮಿಶ್ ಅನ್ನುವ ಕ್ರೈಸ್ತ ಪಂಗಡದ ರೈತರು ಬೆಲ್ಜಿಯನ್, ಪರ್ಶೆರಾನ್ ತಳಿಯ ಕುದುರೆ ಸಾಲಾಗಿ ಕಟ್ಟುತ್ತಾರೆ, ಎರಡು ಗಾಲಿಯ ಬಂಡಿ ಮೇಲೆ ಕೂತು ಅದರ ಹಿಂದೆ ಹೊಸ ಕಾಲದ ಸಲಕರಣೆ ಎಳೆಸುತ್ತಾರೆ. ಇಂಜಿನ್ ಕೂರಿಸಿದ, ಹುಲ್ಲನ್ನು ಕಟ್ಟು ಕಟ್ಟುವ ಬೇಲರ್ ಕೂಡ. ಗದಗ ಹತ್ತಿರದ ಆರು ಎಕರೆಗೆ ಅಂಥ ಕುದುರೆ ತರಲಾ ಅಂತ ಕೇಳಿದ್ದೀರಿ. ಕುದುರೆ ಬೇಡ. ಬಂಡಿ ಮಾಡಿಸಿ, ಎತ್ತಿಗೆ ಕಟ್ಟಿ.

ನಾನು ಹಾವೇರಿ ಕಡೆಯವನು. ಮನೆಯಲ್ಲಿ ಒಂದು ಜೋಡಿ ಕಿಲಾರಿ ಎತ್ತು ಇದ್ದವು. ವೆಲ್ಡಿಂಗ್ ಅಂಗಡಿಯವನಿಗೆ ವಿಡಿಯೋ ತೋರಿಸಿ ಬಂಡಿ ಮಾಡಿಸಿದೆ. ಹಳೇ ಕಾರಿನ ಗಾಲಿ, ಕಬ್ಬಿಣದ ಈಸು (ಬಂಡಿಯಿಂದ ನೊಗದವರೆಗಿನ ಉದ್ದ ಕೋಲು), ಕೂರಲು ಸೀಟು, ಹಿಂದೆ ಹರಗುವ ಕುಂಟೆಯನ್ನೋ ಬಿತ್ತುವ ಕೂರಿಗೆಯನ್ನೋ ಬಿಗಿಯಲು ಕ್ಲಾಂಪು. ರಸ್ತೆ ಮೇಲೆ ಖಾಲಿ ಹೊಡೆದು ನೋಡಿದೆ, ಹಗುರ ಇತ್ತು.

ತಪ್ಪಾಗಿದ್ದು ಸೀಟಿನ ಜಾಗದಲ್ಲಿ. ವಿಡಿಯೋದಲ್ಲಿ ಇದ್ದ ಹಾಗೆ ಅಂದುಕೊಂಡು ಗಾಲಿಯ ಅಚ್ಚಿನ ಮುಂದೆ ಕೂರಿಸಿದ್ದೆ. ನಾನು ಕೂತ ಕೂಡಲೇ ನನ್ನ ಭಾರದ ಒಂದು ಪಾಲು ಈಸಿಗೆ ಹೋಗುತ್ತಿತ್ತು. ಅದು ಸಾಲದು ಅಂತ, ಗಟ್ಟಿ ಬಿಗಿದ ಕುಂಟೆ ಎರೆ ಮಣ್ಣಿನಲ್ಲಿ ಸಿಕ್ಕಿ ಹಿಂದಕ್ಕೆ ಜಗ್ಗಿದಷ್ಟೂ ಬಂಡಿ ಅಚ್ಚಿನ ಮೇಲೆ ಮುಂದಕ್ಕೆ ಬಾಗಿ ಈಸನ್ನು ಇನ್ನೂ ಕೆಳಗೆ ಒತ್ತುತ್ತಿತ್ತು. ಕುದುರೆಗೆ ಕೊರಳಿಗೆ ಹಾಕುವ ಕಾಲರ್ ಇದೆ, ಭುಜದಿಂದ ನೂಕಿ ಎಳೆಯುತ್ತದೆ, ಭಾರ ಪಟ್ಟಿಗಳಲ್ಲಿ ಹಂಚಿ ಹೋಗುತ್ತದೆ. ಎತ್ತಿಗೆ ಹಾಗಲ್ಲ ಅಲ್ವಾ? ನೊಗ ಹಿಣಿಲಿನ ಮುಂದೆ ಕೂರುತ್ತದೆ, ಬಂದ ಭಾರವೆಲ್ಲ ಅದೊಂದೇ ಜಾಗದ ಚರ್ಮದ ಮೇಲೆ. ಸಂಜೆ ನೊಗ ಬಿಚ್ಚಿದಾಗ ಎರಡೂ ಎತ್ತಿನ ಹೆಗಲು ಬಾತಿತ್ತು, ಎಡಗಡೆಯದರದ್ದು ಸುಲಿದೇ ಹೋಗಿತ್ತು. ಹುಣ್ಣು ಮಾಯುವವರೆಗೆ ನೊಗ ಮುಟ್ಟಿಸುವ ಹಾಗಿರಲಿಲ್ಲ. ಹಿಂಗಾರಿ ಕಡಲೆಗೆ ಹದ ಹೋಗುತ್ತಿತ್ತು, ಬಾಡಿಗೆ ಟ್ರ್ಯಾಕ್ಟರ್ ಸಿಗುವಷ್ಟರಲ್ಲಿ ಮೇಲ್ಮಣ್ಣು ಒಣಗಿ ಬೀಜ ಅಲ್ಲಲ್ಲಿ ಮಾತ್ರ ಹುಟ್ಟಿತು. ಆ ವರ್ಷದ ಬೆಳೆ ಹೋಯಿತು, ಅದಕ್ಕಿಂತ ಆ ಎತ್ತಿನ ಹೆಗಲು ನೋಡಿ ನನಗೆ ಬಹಳ ಸಂಕಟವಾಯಿತು.

ಈಗ ಸೀಟು ಅಚ್ಚಿಗಿಂತ ಸ್ವಲ್ಪ ಹಿಂದೆ ಇದೆ, ಕುಂಟೆಯನ್ನು ಕೆಳಗಿನಿಂದ ಸರಪಳಿ ಹಾಕಿ ಎಳೆಸುತ್ತೇನೆ. ನೀವು ಸೀಟಿನಲ್ಲಿ ಕೂತಾಗ ಇನ್ನೊಬ್ಬರು ಈಸಿನ ತುದಿಯನ್ನು ಒಂದೇ ಕೈಯಲ್ಲಿ ಎತ್ತುವಂತಿರಬೇಕು. ತಾನಾಗೇ ಮೇಲೆ ಎದ್ದರೂ ತಪ್ಪು, ಆಗ ಕೊರಳಿನ ಪಟ್ಟಿ (ಜತ್ತಿಗೆ) ಎತ್ತಿನ ಗಂಟಲು ಬಿಗಿಯುತ್ತದೆ. ಎತ್ತು ದಿನವಿಡೀ ಎಳೆಯುವ ಬಲ ಅದರ ತೂಕದ ಸುಮಾರು 10ರಲ್ಲಿ 1 ಪಾಲು ಅಷ್ಟೇ. ಹಾಗಾಗಿ ಟ್ರ್ಯಾಕ್ಟರಿನ ಕಲ್ಟಿವೇಟರ್ ತಂದು ಹಿಂದೆ ಕಟ್ಟಬೇಡಿ. ಆಳದ ಉಳುಮೆಯನ್ನು ಬಾಡಿಗೆ ಟ್ರ್ಯಾಕ್ಟರಿಗೇ ಬಿಡಿ. ಬಿತ್ತನೆ, ಸಾಲಿನ ನಡುವೆ ಎಡೆ ಹೊಡೆದು ಕಳೆ ತೆಗೆಯುವುದು ಎತ್ತಿನ ಕೆಲಸ. ಬೆಳೆ ಮೊಣಕಾಲುದ್ದ ಬಂದ ಮೇಲೆ ಸಾಲಿನ ನಡುವೆ ಎತ್ತು ಹೋದ ಹಾಗೆ ದೊಡ್ಡ ಟ್ರ್ಯಾಕ್ಟರ್ ಹೋಗಲ್ಲ. ಎತ್ತು ಬೆಳೆಗೆ ಬಾಯಿ ಹಾಕದಂತೆ ಬಾಯಿಕುಕ್ಕೆ ಕಟ್ಟುವುದು ಮಾತ್ರ ಮರೆಯಬೇಡಿ.

ಕುದುರೆ ಯಾಕೆ ಬೇಡ ಅಂದೆ ಅಂದರೆ, ಪರ್ಶೆರಾನ್ ಸಾಮಾನ್ಯವಾಗಿ 800 ಕಿಲೋ ಮೇಲೇ ತೂಗುವ ತಂಪು ಸೀಮೆಯ ಪ್ರಾಣಿ. ಅದು ಮೆಲುಕು ಹಾಕಲ್ಲ. ಬಣವೆಯ ಜೋಳದ ಕಣಿಕೆ ತಿಂದು ಎತ್ತು ದುಡಿಯುತ್ತದೆ, ಕುದುರೆಗೆ ಒಳ್ಳೆ ಹುಲ್ಲು, ಕಾಳು ದಿನಾ ಬೇಕು. ಆರು ಎಕರೆಯಲ್ಲಿ ಅದನ್ನೆಲ್ಲ ಎಲ್ಲಿ ಬೆಳೀತೀರಿ?

ಎತ್ತು ಈಗಾಗಲೇ ಇದ್ದರೆ ನೊಗ ಹಾಕಿ ನಿಲ್ಲಿಸಿ, ನೆಲದಿಂದ ನೊಗದವರೆಗಿನ ಎತ್ತರ ಅಳೆದು ಕೆಳಗೆ ಬರೆಯಿರಿ. ಈಸು ಎಷ್ಟು ಉದ್ದ ಇಡಬೇಕು ಅಂತ ಹೇಳುತ್ತೇನೆ.