'ದಾಸ್ ಬೋಟ್' – ಯಾವ ಆವೃತ್ತಿ ನೋಡಬೇಕು?

ಎರಡನೇ ಮಹಾಯುದ್ಧದ ಜಲಾಂತರ್ಗಾಮಿಯೊಂದರ ಕಥೆಯ ಜರ್ಮನ್ ಚಿತ್ರ 'ದಾಸ್ ಬೋಟ್' 149, 208, 293 ನಿಮಿಷ ಅಂತ ಮೂರು ಥರ ಸಿಕ್ಕಿದೆ, ಯಾವುದು ಸರಿ ಅಂತ ಕೇಳಿದ್ದೀರಿ. ಮೂರೂ ಸರಿಯೇ. ನಿರ್ದೇಶಕ ವೋಲ್ಫ್‌ಗಾಂಗ್ ಪೀಟರ್ಸನ್ ಸಿನಿಮಾಕ್ಕೂ ಟೀವಿಗೂ ಸೇರಿಸಿಯೇ ಚಿತ್ರೀಕರಣ ಮಾಡಿದ್ದರು. 1981ರಲ್ಲಿ ಥಿಯೇಟರಿಗೆ ಬಂದದ್ದು 149ರದ್ದು. ಅದೇ ಚಿತ್ರೀಕರಣದಿಂದ ಕತ್ತರಿಸಿದ ಉದ್ದನೆಯ ಧಾರಾವಾಹಿ 1985ರಲ್ಲಿ ಜರ್ಮನ್ ಟೀವಿಯಲ್ಲಿ ಮೂರು ಭಾಗವಾಗಿ ಬಂತು. ಪ್ರತಿ ಕಂತಿನ ಹಿಂದಿನ ಕಥೆಯ ಮೆಲುಕು, ಟೈಟಲ್ಲುಗಳನ್ನು ತೆಗೆದು ಜೋಡಿಸಿದ್ದು 293.

ಮೊದಲ ಸಲಕ್ಕೆ 1997ರ 208 ನಿಮಿಷದ ನಿರ್ದೇಶಕರ ಆವೃತ್ತಿಯನ್ನೇ (ಡೈರೆಕ್ಟರ್ಸ್ ಕಟ್) ನೋಡಿ. ಧ್ವನಿಯನ್ನು ಹೊಸದಾಗಿ ಕಟ್ಟಿದ್ದಾರೆ. ದೋಣಿ 280 ಮೀಟರ್ ಆಳಕ್ಕೆ ಇಳಿದಾಗ ಬೋಲ್ಟ್ ಸಿಡಿಯುವ ಸದ್ದು ಬೆನ್ನ ಹಿಂದಿನಿಂದ ಬರುತ್ತದೆ. ಹೆಡ್‌ಫೋನ್ ಇಲ್ಲದೆ ಕೂರಬೇಡಿ. ಇಷ್ಟವಾದರೆ ಆಮೇಲೆ 293. ಅದರಲ್ಲಿ ಯುದ್ಧಕ್ಕಿಂತ ಕಾಯುವುದೇ ಹೆಚ್ಚು: ಶತ್ರು ಹಡಗು ಸಿಗದೆ ವಾರಗಟ್ಟಲೆ ಬೇಸರ, ಕೊಳೆತ ಬ್ರೆಡ್ಡು, ಬೆಳೆಯುವ ಗಡ್ಡ. ನನ್ನ ಮಟ್ಟಿಗೆ ಕಥೆಯ ಜೀವ ಅಲ್ಲೇ ಇದೆ, ಆದರೆ ಒಂದೇ ಕೂತಲ್ಲಿ ಆಗುವ ಕೆಲಸವಲ್ಲ.

ಯುರೋಪಿನ ಡಿವಿಡಿಯಲ್ಲಿ 208ರ ಬದಲು 200 ನಿಮಿಷ ಅಂತ ಕಂಡರೆ ದೃಶ್ಯ ಕತ್ತರಿಸಿದ್ದಾರೆ ಅಂದುಕೊಳ್ಳಬೇಡಿ. ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಚಿತ್ರವನ್ನು ಅಲ್ಲಿನ ಟೀವಿಯ ಪಾಲ್ (PAL) ಪದ್ಧತಿಯಲ್ಲಿ 25ಕ್ಕೆ ಓಡಿಸಿದರೆ ಶೇ. 4ರಷ್ಟು ಬೇಗ ಮುಗಿಯುತ್ತದೆ. ಆಡಿಯೋ ಮಾತ್ರ ಜರ್ಮನ್ನೇ ಇಟ್ಟುಕೊಳ್ಳಿ, ಸಬ್‌ಟೈಟಲ್ ಹಾಕಿ.

2018ರಲ್ಲಿ ಶುರುವಾದ ಅದೇ ಹೆಸರಿನ ಸೀರೀಸ್ ಬೇರೆ. ಕಥೆ 1942ಕ್ಕೆ ಜಿಗಿಯುತ್ತದೆ, ದೋಣಿಯೂ ಬೇರೆ, ಸಿಬ್ಬಂದಿಯೂ ಬೇರೆ.