ಕಾರು ಹೊರಟ ಮೇಲೆ ಮಡಿಲು ಸಾಲದು

ಶಿವಮೊಗ್ಗದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: “ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಆಸ್ಪತ್ರೆಯಿಂದ ಮನೆಗೆ ಹೊರಟಾಗ ಮೂರು ದಿನದ ಕೂಸನ್ನು ನನ್ನ ಕೈಗೆ ಕೊಡದೆ, ಬುಟ್ಟಿಯಂಥ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿಸಿ ಪಟ್ಟಿಗಳಿಂದ ಬಿಗಿದರು. ದಾರಿಯುದ್ದಕ್ಕೂ ಅತ್ತರೂ ಎತ್ತಿಕೊಳ್ಳುವಂತಿಲ್ಲ. ನನ್ನ ಮಗಳದು ಕಲ್ಲೆದೆ ಅನ್ನಿಸಿತು. ಆರು ವರ್ಷದ ಹಿರಿಯ ಮೊಮ್ಮಗನಿಗೂ ಅಲ್ಲಿ ಬೂಸ್ಟರ್ ಸೀಟು, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟು, ಕಡ್ಡಾಯ. ಫ್ಲಾರಿಡಾದಲ್ಲಾದರೆ ಆ ವಯಸ್ಸಿಗೆ ಬರಿಯ ಬೆಲ್ಟ್ ಸಾಕಂತೆ. ರಾಜ್ಯದ ಗಡಿ ದಾಟಿದರೆ ಮಗುವಿನ ಮೂಳೆ ಗಟ್ಟಿಯಾಗುತ್ತದೆಯೇ? ನಾವೆಲ್ಲ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಊರೂರು ತಿರುಗಲಿಲ್ಲವೇ? ತಾಯಿಯ ಮಡಿಲಿಗಿಂತ ಭದ್ರವಾದ ಜಾಗವುಂಟೇ? ನಮ್ಮ ಮಗುವನ್ನು ಹೇಗೆ ಕೂರಿಸಬೇಕೆಂದು ಸರ್ಕಾರ ಹೇಳುವುದಾದರೆ ನಮ್ಮ ಸ್ವಾತಂತ್ರ್ಯಕ್ಕೆ ಅರ್ಥವೇನು? ಡಿಸೆಂಬರಿನಲ್ಲಿ ಅವರು ಊರಿಗೆ ಬರುತ್ತಿದ್ದಾರೆ. ಆ ಸೀಟನ್ನು ಹೊತ್ತು ತರಬೇಡಿ ಎನ್ನಬೇಕೆಂದಿದ್ದೇನೆ. ನೀವೇನು ಹೇಳುತ್ತೀರಿ?”

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಳುವ ಕೂಸು ಕೈಗೆಟಕುವಷ್ಟು ಹತ್ತಿರದಲ್ಲಿದ್ದೂ ಎತ್ತಿಕೊಳ್ಳಲಾಗದ ಅಜ್ಜಿಯ ಸಂಕಟ ನನಗೆ ಅರ್ಥವಾಗುತ್ತದೆ. ಗಡಿಯ ಬಗ್ಗೆ ನೀವು ಕೇಳಿರುವುದೂ ನ್ಯಾಯವಾದ ಪ್ರಶ್ನೆಯೇ. ಅಮೆರಿಕದಲ್ಲಿ ಸೀಟು ಹೇಗಿರಬೇಕೆಂಬುದನ್ನು ಕೇಂದ್ರ ಸರ್ಕಾರ ನಿರ್ಧರಿಸುತ್ತದೆ; ಅದರಲ್ಲಿ ಯಾವ ಮಗು ಎಷ್ಟು ವಯಸ್ಸಿನವರೆಗೆ ಕೂರಬೇಕೆಂಬುದನ್ನು ಆಯಾ ರಾಜ್ಯ ನಿರ್ಧರಿಸುತ್ತದೆ. ಹೀಗಾಗಿ ನ್ಯೂಜೆರ್ಸಿಯಲ್ಲಿ 8 ವರ್ಷ ತುಂಬುವವರೆಗೆ ಅಥವಾ 57 ಅಂಗುಲ ಎತ್ತರ ಬೆಳೆಯುವವರೆಗೆ ಬೂಸ್ಟರ್ ಬೇಕು, ಫ್ಲಾರಿಡಾದಲ್ಲಿ 6 ವರ್ಷಕ್ಕೇ ಕಾನೂನು ಕೈಬಿಡುತ್ತದೆ. ಆದರೆ ಇದರಿಂದ ನ್ಯೂಜೆರ್ಸಿಯದು ಅತಿಯಾಯಿತು ಎಂದಾಗುವುದಿಲ್ಲ, ಫ್ಲಾರಿಡಾದ್ದು ಸಾಲದಾಯಿತು ಎಂದಾಗುತ್ತದೆ. ಆ 57 ಅಂಗುಲವನ್ನು ಯಾರೋ ಕಚೇರಿಯಲ್ಲಿ ಕುಳಿತು ತೋಚಿದಂತೆ ಬರೆದದ್ದಲ್ಲ. ಕಾರಿನ ಬೆಲ್ಟ್ ದೊಡ್ಡವರ ಮೈಯಳತೆಗೆ ಮಾಡಿದ್ದು. ಅದರ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು, ಮೇಲಿನ ಪಟ್ಟಿ ಭುಜದ ನಡುವೆ ಹಾದು ಎದೆಗೆ ಬರಬೇಕು. ಗಿಡ್ಡ ಮಗುವಿಗೆ ಅದೇ ಬೆಲ್ಟ್ ಹಾಕಿದರೆ ಕೆಳಪಟ್ಟಿ ಮೆತ್ತಗಿನ ಹೊಟ್ಟೆಗೆ ಏರುತ್ತದೆ, ಮೇಲಿನದು ಕೊರಳಿಗೆ ತಾಗುತ್ತದೆ. ಕಾಪಾಡಬೇಕಾದ ಬೆಲ್ಟೇ ಆಗ ಕರುಳಿಗೆ ಪೆಟ್ಟು ಕೊಡುತ್ತದೆ. ಬೂಸ್ಟರ್ ಮಗುವನ್ನು ನಾಲ್ಕು ಅಂಗುಲ ಮೇಲೆತ್ತಿ ಪಟ್ಟಿಯನ್ನು ಅದರ ಜಾಗಕ್ಕೆ ತರುತ್ತದೆ, ಅಷ್ಟೇ.

ಇನ್ನು ಮಡಿಲಿನ ಮಾತು. ಇದನ್ನು ನಿಮಗಿಂತ ಮೊದಲು ಅಮೆರಿಕದವರೇ ಹೇಳಿದ್ದರು, ಅದೂ ಶಾಸನಸಭೆಯಲ್ಲಿ. ಟೆನೆಸಿ ರಾಜ್ಯದ ಮರ್‌ಫ್ರೀಸ್‌ಬರೋ ಎಂಬ ಊರಿನಲ್ಲಿ ಡಾ. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರಿದ್ದರು. ಲಸಿಕೆ ಹಾಕಿ ರೋಗಗಳಿಂದ ಉಳಿಸಿಕೊಂಡ ಮಕ್ಕಳು ರಸ್ತೆಯಲ್ಲಿ ಸಾಯುವುದನ್ನು ಅವರಿಗೆ ನೋಡಿಕೊಂಡಿರಲಾಗಲಿಲ್ಲ. ಶಾಸಕರನ್ನು ಬಿಡದೆ ಕಾಡಿ, 4 ವರ್ಷದೊಳಗಿನ ಮಕ್ಕಳಿಗೆ ಕಾರಿನಲ್ಲಿ ರಕ್ಷಣಾ ಸೀಟು ಕಡ್ಡಾಯ ಮಾಡುವ ಕಾನೂನನ್ನು ತರಿಸಿದರು. 1978ರ ಜನವರಿ 1ರಂದು ಜಾರಿಗೆ ಬಂದ ಆ ಕಾನೂನು ಅಮೆರಿಕದಲ್ಲೇ ಮೊದಲನೆಯದು. ಆದರೆ ಅದಕ್ಕೊಂದು ತಿದ್ದುಪಡಿ ಸೇರಿಕೊಂಡಿತ್ತು: ದೊಡ್ಡವರು ಎತ್ತಿಕೊಂಡಿದ್ದರೆ ಸೀಟು ಬೇಡ. ನೀವು ಬರೆದಿರುವ ವಾದವೇ ಅದು, ಒಂದಕ್ಷರವೂ ಆಚೀಚೆ ಇಲ್ಲ. ಸ್ಯಾಂಡರ್ಸ್ ಆ ತಿದ್ದುಪಡಿಯನ್ನು ‘ಮಗುವನ್ನು ಜಜ್ಜುವ ತಿದ್ದುಪಡಿ’ ಎಂದು ಕರೆದು ಮತ್ತೆ ಹೋರಾಟಕ್ಕೆ ನಿಂತರು. 1981ರಲ್ಲಿ ಅದು ರದ್ದಾಯಿತು. 1985ರ ಹೊತ್ತಿಗೆ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂದಿತ್ತು. ಊರ ವೈದ್ಯರೊಬ್ಬರು ಹಿಡಿದ ಹಟ ಏಳು ವರ್ಷಗಳಲ್ಲಿ ದೇಶವನ್ನೆಲ್ಲ ಮುಟ್ಟಿದ ಈ ಸಂಗತಿ ನೆನಪಾದಾಗಲೆಲ್ಲ ನನಗೆ ಆ ವೈದ್ಯರ ಮೇಲೆ ಗೌರವ ಉಕ್ಕುತ್ತದೆ.

ಅವರು ಹಾಗೆ ಕರೆದದ್ದೇಕೆ ಎಂಬುದಕ್ಕೆ ಲೆಕ್ಕವಿದೆ. ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿಲೋಮೀಟರ್ ವೇಗದಲ್ಲಿರುವ ಕಾರು ಎದುರಿಗೆ ಏನಕ್ಕೋ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಆ ಗಳಿಗೆಯಲ್ಲಿ 6 ಕೆ.ಜಿ. ತೂಕದ ನಿಮ್ಮ ಮೊಮ್ಮಗಳು ತೋಳುಗಳಿಂದ ಕಿತ್ತುಕೊಂಡು ಹೋಗುವ ರಭಸ 80 ಕೆ.ಜಿ. ಮೂಟೆಯನ್ನು ಹಿಡಿದು ನಿಲ್ಲಿಸಿದಷ್ಟು. ನೀವೂ ಬೆಲ್ಟ್ ಹಾಕಿರದಿದ್ದರೆ ನಿಮ್ಮ ಇಡೀ ಮೈಭಾರ ಹಿಂದಿನಿಂದ ಬಂದು ಅವಳನ್ನು ಮುಂದಿನ ಸೀಟಿಗೆ ಒತ್ತುತ್ತದೆ. ನಿಮ್ಮ ಪ್ರೀತಿ ಎಷ್ಟೇ ದೊಡ್ಡದಿರಲಿ, ತೋಳಿಗೆ ಆ ಬಲ ಬರುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟೋ ವರ್ಷಗಳ ಹಿಂದೆ ನೆಲಮಂಗಲದ ಬಳಿ, ಬಂಧುಗಳ ಅಂಬಾಸಿಡರ್ ಕಾರಿನಲ್ಲಿ ನಾನು ಹಿಂದಿನ ಸೀಟಿನಲ್ಲಿದ್ದೆ. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ತಾಯಿ ಕೂತಿದ್ದರು. ಅಡ್ಡ ಬಂದ ಎಮ್ಮೆಗಾಗಿ ಡ್ರೈವರ್ ಬ್ರೇಕ್ ಒತ್ತಿದ. ಕಾರು ಯಾವುದಕ್ಕೂ ಡಿಕ್ಕಿ ಹೊಡೆಯಲಿಲ್ಲ, ಆದರೂ ಮಗುವಿನ ಗಲ್ಲ ಡ್ಯಾಶ್‌ಬೋರ್ಡಿಗೆ ಬಡಿದು ಸೀಳಿತು. ಐದು ಹೊಲಿಗೆ ಬಿದ್ದವು. “ಗಟ್ಟಿಯಾಗೇ ಹಿಡ್ಕೊಂಡಿದ್ನಲ್ಲಾ” ಎಂದು ಆ ತಾಯಿ ದವಾಖಾನೆಯ ಬೆಂಚಿನ ಮೇಲೆ ಕೂತು ಹೇಳುತ್ತಲೇ ಇದ್ದರು. ಅವರು ಹೇಳಿದ್ದು ನಿಜ. ಮಗುವನ್ನು ಬಿಟ್ಟವಳೆಂಬ ಅಪವಾದವನ್ನು ಮನೆಯವರು ಅವರ ಮೇಲೆ ಹೊರಿಸಿದ್ದು ಮಾತ್ರ ಅನ್ಯಾಯ.

ಹಿಂದಕ್ಕೆ ಮುಖ ಮಾಡಿಸುವುದು ನಿಮಗೆ ಕ್ರೂರವಾಗಿ ಕಂಡಿದೆ. ಹಸುಗೂಸಿನ ತಲೆಯೊಂದೇ ಮೈಯುದ್ದದ ಕಾಲು ಭಾಗದಷ್ಟಿರುತ್ತದೆ, ಕತ್ತಿನ ಮೂಳೆಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ಮುಂದಕ್ಕೆ ಮುಖವಿದ್ದರೆ ಪೆಟ್ಟಿನ ಗಳಿಗೆಯಲ್ಲಿ ಮೈಯನ್ನು ಪಟ್ಟಿ ತಡೆಯುತ್ತದೆ, ತಲೆ ಮಾತ್ರ ಮುಂದಕ್ಕೆ ಎಗರುತ್ತದೆ. ಹಿಂದಕ್ಕೆ ಮುಖವಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಬೆನ್ನು ಒಟ್ಟಿಗೆ ಆತುಕೊಳ್ಳುತ್ತದೆ. ಅದಕ್ಕೇ ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಮೊದಲಾದ ರಾಜ್ಯಗಳು 2 ವರ್ಷದೊಳಗಿನ ಮಕ್ಕಳನ್ನು ಹೀಗೇ ಕೂರಿಸಬೇಕೆನ್ನುತ್ತವೆ. ತೂಕ, ಎತ್ತರ ಹೆಚ್ಚಿರುವ ಮಕ್ಕಳಿಗೆ ಕೆಲವು ವಿನಾಯಿತಿಗಳಿವೆ. ರಕ್ಷಣಾ ಸೀಟು ಕಾರಿನಲ್ಲಿ ಹಸುಗೂಸುಗಳ ಸಾವಿನ ಸಂಭವವನ್ನು ಶೇ. 71ರಷ್ಟು, ನಡೆಯುವ ವಯಸ್ಸಿನ ಪುಟ್ಟ ಮಕ್ಕಳದನ್ನು ಶೇ. 54ರಷ್ಟು ತಗ್ಗಿಸುತ್ತದೆಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಲೆಕ್ಕ ಹಾಕಿದೆ.

ನಾನೂ ಒಮ್ಮೆ ಅಲ್ಲಿನ ಚಳಿಗಾಲದಲ್ಲಿ ಸ್ನೇಹಿತರ ಮಗಳೊಬ್ಬಳು ಕೂಸನ್ನು ಸೀಟಿಗೆ ಕೂರಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಹೊರಗೆ ಹಿಮ ಬೀಳುತ್ತಿತ್ತು. ಆದರೂ ಅವಳು ಮೊದಲು ಕೂಸಿನ ದಪ್ಪ ಕೋಟನ್ನು ಬಿಚ್ಚಿದಳು. ಡಿಕ್ಕಿಯಾದರೆ ಕೋಟಿನೊಳಗಿನ ಹತ್ತಿ ಅಮುಕಿಕೊಂಡು ಪಟ್ಟಿ ಸಡಿಲವಾಗುತ್ತದೆ ಎಂದಳು. ಪಟ್ಟಿಗಳನ್ನು ಎಳೆದು, ಎದೆಯ ಕ್ಲಿಪ್ಪನ್ನು ಕಂಕುಳಿನ ಮಟ್ಟಕ್ಕೆ ತಂದು, ಭುಜದ ಮೇಲಿನ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ನೋಡಿದಳು. ಚಿವುಟಿದರೆ ಕೈಗೆ ಮಡಿಕೆ ಸಿಗಬಾರದು. ಆಮೇಲೆ ಕೋಟನ್ನು ಪಟ್ಟಿಗಳ ಮೇಲೆ ಹೊದಿಸಿದಳು. ಎರಡೇ ನಿಮಿಷದ ಕೆಲಸ. ಎಣ್ಣೆ ನೀರು ಎರೆದು ಕೂಸನ್ನು ಸುತ್ತುವಾಗ ನಮ್ಮ ಅಜ್ಜಿಯಂದಿರ ಕೈಯಲ್ಲಿ ಕಾಣುತ್ತಿದ್ದ ನಿಗಾ ಅವಳ ಕೈಯಲ್ಲೂ ಇತ್ತು. ನಿಮ್ಮ ಮಗಳೂ ಅದನ್ನೇ ಮಾಡಿದ್ದಾಳೆ. ಅದನ್ನು ಕಲ್ಲೆದೆ ಎಂದು ಬರೆದಿದ್ದೀರಿ; ಆ ಒಂದು ಮಾತನ್ನು ನೀವು ಹಿಂತೆಗೆದುಕೊಳ್ಳಬೇಕೆಂದು ನನ್ನ ವಿನಂತಿ.

ಸ್ವಾತಂತ್ರ್ಯದ ವಿಚಾರವನ್ನೂ ಎತ್ತಿದ್ದೀರಿ. ‘ಸ್ವತಂತ್ರನಾಗಿ ಬಾಳು, ಇಲ್ಲವೇ ಸಾಯಿ’ ಎಂದು ಕಾರಿನ ನಂಬರ್ ಪ್ಲೇಟಿನ ಮೇಲೇ ಬರೆಸಿಕೊಂಡಿರುವ ನ್ಯೂಹ್ಯಾಂಪ್‌ಶೈರ್ ರಾಜ್ಯ ದೊಡ್ಡವರಿಗೆ ಸೀಟ್ ಬೆಲ್ಟ್ ಕಡ್ಡಾಯ ಮಾಡಲು ಇಂದಿಗೂ ಒಪ್ಪಿಲ್ಲ. ಆದರೆ ಅಲ್ಲೂ 18 ವರ್ಷದೊಳಗಿನವರು ಬೆಲ್ಟ್ ಹಾಕಲೇಬೇಕು, ಪುಟ್ಟ ಮಕ್ಕಳು ರಕ್ಷಣಾ ಸೀಟಿನಲ್ಲಿ ಕೂರಲೇಬೇಕು. ತನ್ನ ತಲೆಯನ್ನು ಒತ್ತೆಯಿಡುವ ಹಕ್ಕು ತನಗಿದೆ ಎನ್ನುವವರು ಕೂಡ ಮಗುವಿನ ತಲೆಯನ್ನು ಒತ್ತೆಯಿಡಲಿಲ್ಲ.

ನಮ್ಮಲ್ಲಿ ಇಂಥ ಕಾನೂನಿಲ್ಲವೆಂದು ತಿಳಿಯಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194-ಬಿ ಕಲಮಿನಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ಯುವ ಚಾಲಕನಿಗೆ 1000 ರೂಪಾಯಿ ದಂಡವಿದೆ. ಆ ದಂಡ ಕಟ್ಟಿದವರೊಬ್ಬರನ್ನೂ ನಾನು ಇದುವರೆಗೆ ಕಂಡಿಲ್ಲ. ಲಕ್ಷಾಂತರ ರೂಪಾಯಿ ಕೊಟ್ಟು ಕಾರು ಕೊಳ್ಳುವವರು ಮಗುವಿನ ಸೀಟಿಗೆ ದುಡ್ಡು ದಂಡವೆನ್ನುತ್ತಾರೆ. ಬೆಂಗಳೂರಿನಲ್ಲಿ ಸಂಜೆಯ ಹೊತ್ತು ಓಡುವ ಕಾರಿನ ಸನ್‌ರೂಫಿನಿಂದ ಮಕ್ಕಳು ಎದೆಯವರೆಗೆ ಹೊರಗೆ ನಿಂತು ಕೈಬೀಸುತ್ತಾರೆ, ಒಳಗಿನಿಂದ ತಂದೆತಾಯಿ ಫೋಟೋ ತೆಗೆಯುತ್ತಾರೆ. ಬಾಡಿಗೆ ಕಾರುಗಳಲ್ಲಂತೂ ಹಿಂದಿನ ಸೀಟಿನ ಬೆಲ್ಟಿನ ಕೊಂಡಿ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತದೆ. ಕೇಳಿದರೆ “ಹಿಂದ್ಗಡೆ ಬೇಡ ಸಾರ್, ಪೊಲೀಸ್ರು ಹಿಡಿಯಲ್ಲ” ಎನ್ನುತ್ತಾರೆ. ಪೊಲೀಸರಿಗಾಗಿಯೇ ಬೆಲ್ಟ್ ಇದೆ ಎಂಬ ಈ ಭಾವನೆ ನನ್ನನ್ನು ವರ್ಷಗಳಿಂದ ನೋಯಿಸುತ್ತಿದೆ.

ಆದ್ದರಿಂದ ಸೀಟನ್ನು ತರಬೇಡಿ ಎನ್ನಬೇಡಿ. ಮರೆಯದೆ ತನ್ನಿ ಎಂದು ಇವತ್ತೇ ಫೋನ್ ಮಾಡಿ. ಅಲ್ಲಿನ ಸೀಟನ್ನು ಕಾರಿನ ಬೆಲ್ಟಿನಿಂದಲೇ ಕಟ್ಟಬಹುದು. ನಮ್ಮ ಕಾರುಗಳ ಬೆಲ್ಟ್ ತಾನಾಗಿ ಬಿಗಿದು ನಿಲ್ಲದಿರಬಹುದು, ಹಾಗಾಗಿ ಬೆಲ್ಟ್ ಸಡಿಲವಾಗದಂತೆ ಹಿಡಿದಿಡುವ ಲಾಕಿಂಗ್ ಕ್ಲಿಪ್ಪನ್ನೂ ತರಲು ಹೇಳಿ. ದೇವನಹಳ್ಳಿಗೆ ಬರುವ ಕಾರನ್ನು ಗೊತ್ತು ಮಾಡುವಾಗಲೇ ಹಿಂದಿನ ಸೀಟಿನ ಕವರನ್ನು ತೆಗೆಸಿ, ಮೂರು ಕಡೆ ಹಿಡಿಯುವ ಬೆಲ್ಟ್ ಇದೆಯೇ ಎಂದು ನೋಡಿಸಿಕೊಳ್ಳಿ. ಕೂಸಿನ ಪಕ್ಕದ ಜಾಗ ನಿಮ್ಮದಾಗಲಿ. ಅತ್ತರೆ ಹಿಡಿದುಕೊಳ್ಳಲು ನಿಮ್ಮ ಬೆರಳಿರುತ್ತದೆ. ಹಸುಗೂಸನ್ನು ಒಂದೇ ಸಮನೆ ಬಹಳ ಹೊತ್ತು ಅದರಲ್ಲಿ ಕೂರಿಸುವುದೂ ಸರಿಯಲ್ಲವಾದ್ದರಿಂದ, ತುಮಕೂರು ದಾಟಿದ ಮೇಲೊಮ್ಮೆ, ಅರಸೀಕೆರೆಯಲ್ಲೊಮ್ಮೆ, ತರೀಕೆರೆಯಲ್ಲೊಮ್ಮೆ ಕಾರು ನಿಲ್ಲಿಸಿ, ನಿಂತ ಕಾರಿನಲ್ಲಿ ಬೇಕಾದಷ್ಟು ಹೊತ್ತು ಎತ್ತಿಕೊಳ್ಳಿ.

- ಸಂಪಾದಕ